ತುರುಗೊಳ್, ಐರ್ಲೆಂಡಿನಲ್ಲಿ

ಮುಂಬಯಿಯ ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನಲ್ಲಿ ಹೋದ ವಾರ ಎರಡು ಹಳೇ ಪುಸ್ತಕ ಸಿಕ್ಕವು. ಒಂದು ಚಿನ್ನದ ಅಕ್ಷರದ್ದು: ಕೆಲ್ಟರ ಜ್ಞಾನ, ಡ್ರೂಯಿಡರ ಗುಟ್ಟು, ನೀವು ಹುಟ್ಟಿದ ತಿಂಗಳಿಗೆ ಯಾವ ಮರ, ಈ ಥರದ್ದು. ಇನ್ನೊಂದು ರಟ್ಟು ಕಿತ್ತುಹೋದದ್ದು, ಹಳೇ ಐರಿಷ್ ಕಥೆ 'ಟಾಯ್ನ್'ನ ಇಂಗ್ಲಿಷ್ ಅನುವಾದ. ಚೌಕಾಸಿ ಮಾಡಿ ಎರಡನ್ನೂ 200 ರೂಪಾಯಿಗೆ ತಂದೆ.

ಮೊದಲನೆಯದನ್ನು ಅರ್ಧಕ್ಕೇ ಮುಚ್ಚಿಟ್ಟೆ. ಕೆಲ್ಟರು ಹಳೇ ಯುರೋಪಿನ ಒಂದು ಜನ, ಡ್ರೂಯಿಡರು ಅಂದರೆ ಅವರ ಪುರೋಹಿತರು. ಜೂಲಿಯಸ್ ಸೀಸರ್ ಅವರ ಬಗ್ಗೆ ಬರೆದಿದ್ದಾನೆ: ಕೆಲವರು 20 ವರ್ಷ ಕೂತು ಪದ್ಯ ಬಾಯಿಪಾಠ ಮಾಡುತ್ತಿದ್ದರಂತೆ, ಬೇರೆ ವ್ಯವಹಾರಕ್ಕೆಲ್ಲ ಗ್ರೀಕ್ ಅಕ್ಷರ ಬಳಸಿದರೂ ಈ ವಿದ್ಯೆಯನ್ನು ಮಾತ್ರ ಬರೆಯಬಾರದು ಅನ್ನುತ್ತಿದ್ದರಂತೆ. ನಮ್ಮಲ್ಲಿ ವೇದ ಕಲಿಸುತ್ತಿದ್ದ ಹಾಗೇ, ಅಲ್ವಾ? ಅವರೇ ಬರೆಯದ ಗುಟ್ಟು ಈ ಪುಸ್ತಕದವರಿಗೆ ಯಾರು ಹೇಳಿದರೋ! ಆ 13 ತಿಂಗಳ ಮರದ ಪಂಚಾಂಗವಂತೂ ರಾಬರ್ಟ್ ಗ್ರೇವ್ಸ್ ಎಂಬ ಕವಿ 1948ರ ಪುಸ್ತಕದಲ್ಲಿ ಕಟ್ಟಿಕೊಟ್ಟದ್ದು.

ಟಾಯ್ನ್ ಹಾಗಲ್ಲ. ಬಾಯಲ್ಲಿದ್ದ ಕಥೆಯನ್ನು ಕ್ರೈಸ್ತ ಸನ್ಯಾಸಿಗಳು ಬರೆದಿಟ್ಟರು, ಉಳಿದಿರುವ ಅತಿ ಹಳೆಯ ಪ್ರತಿ ಸುಮಾರು 1100ರದ್ದು. ಶುರುವಾಗುವುದು ಗಂಡ ಹೆಂಡತಿ ಹಾಸಿಗೆಯಲ್ಲಿ ಮಲಗಿಕೊಂಡು 'ಯಾರ ಆಸ್ತಿ ಜಾಸ್ತಿ' ಅಂತ ಲೆಕ್ಕ ಹಾಕುವುದರಿಂದ. ಐರ್ಲೆಂಡಿನ ಪಶ್ಚಿಮದ ರಾಜ್ಯ ಕಾನಾಕ್ಟ್‌ನ ರಾಣಿ ಮೇವ್, ಅವಳ ಗಂಡ ಐಲಿಲ್. ಪಾತ್ರೆ, ಒಡವೆ, ಕುರಿ, ಹಂದಿ ಎಲ್ಲ ಸರಿಸಮ. ಗಂಡನ ಹತ್ತಿರ ಬಿಳಿ ಕೊಂಬಿನ ಒಂದು ಗೂಳಿ ಜಾಸ್ತಿ. ಅದು ಹುಟ್ಟಿದ್ದು ಮೇವ್‌ಳ ಹಸುವಿಗೇ, ಆದರೆ ಹೆಂಗಸಿನ ಸೊತ್ತಾಗಿ ಇರಲಾರೆ ಅಂತ ಐಲಿಲ್‌ನ ಮಂದೆ ಸೇರಿಕೊಂಡಿತ್ತು. (ಗೂಳಿಗೂ ಎಷ್ಟು ಕೊಬ್ಬು ನೋಡಿ.) ಅದಕ್ಕೆ ಸಮನಾದ ಕಂದು ಗೂಳಿ ಇರುವುದು ಉತ್ತರದ ರಾಜ್ಯ ಅಲ್ಸ್ಟರ್‌ನಲ್ಲಿ. ಒಂದು ವರ್ಷದ ಮಟ್ಟಿಗೆ ಕೊಡಲು ಅದರ ಯಜಮಾನ ಒಪ್ಪಿಯೂ ಇದ್ದ, ಅಷ್ಟರಲ್ಲಿ ಮೇವ್‌ಳ ದೂತರು ಕುಡಿದು 'ಕೊಡದಿದ್ರೆ ಕಿತ್ಕೊಳ್ತಿದ್ವಿ' ಅಂದುಬಿಟ್ಟರು. ಅಲ್ಲಿಗೆ ಯುದ್ಧ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಕೆಳಗಿಟ್ಟೆ. ಇದಕ್ಕೆ ಇಂಗ್ಲಿಷಿನಲ್ಲಿ ಎರಡು ಪದ ಬೇಕು, ನಮ್ಮಲ್ಲಿ ಒಂದೇ ಸಾಕು: ತುರುಗೊಳ್, ಅಂದರೆ ದಾಳಿ ಮಾಡಿ ದನ ಹೊಡೆದುಕೊಂಡು ಹೋಗುವುದು. ಸೊರಬದ ಕಡೆ ನಮ್ಮ ಊರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಕೆಳಗೆ ದನಗಳು ಮತ್ತು ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಹೊತ್ತೊಯ್ಯುವುದು, ಮೇಲೆ ಶಿವಲಿಂಗ. ಅಜ್ಜಿ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು, ನಾವು ಅದರ ಹಿಂದೆ ಅಡಗಿ ಆಡುತ್ತಿದ್ದೆವು.

ಅಲ್ಸ್ಟರ್‌ನ ಕಡೆ ಕಾದುವವನು 17 ವರ್ಷದ ಒಬ್ಬನೇ ಹುಡುಗ. ಮಾಖಾ ಎಂಬವಳನ್ನು ತುಂಬು ಬಸುರಿಯಲ್ಲಿ ರಾಜನ ಕುದುರೆಗಳ ಜೊತೆ ಓಡಿಸಿದ್ದರಿಂದ ಅವಳ ಶಾಪ ತಗುಲಿ ಉಳಿದ ಗಂಡಸರೆಲ್ಲ ಹೆರಿಗೆ ನೋವಲ್ಲಿ ಮಲಗಿರುತ್ತಾರೆ. ಹುಡುಗನ ಹೆಸರು ಕೂ ಹುಲಿನ್. ಕಿವಿಗೆ ಹುಲಿ ಕೇಳಿಸುತ್ತದೆ, ಅರ್ಥ ಮಾತ್ರ 'ಕುಲನ್‌ನ ನಾಯಿ'. ಚಿಕ್ಕಂದಿನಲ್ಲಿ ಕಮ್ಮಾರನೊಬ್ಬನ ಕಾವಲು ನಾಯಿಯನ್ನು ಕೊಂದು, ಬದಲಿಗೆ ನಾನೇ ಕಾಯುತ್ತೇನೆ ಅಂದವನು. ಒಂದೇ ಗುರುವಿನ ಹತ್ತಿರ (ಆ ಗುರು ಹೆಂಗಸು) ಕಲಿತ ಗೆಳೆಯ ಫರ್ಡಿಯಾ ಎದುರು ಬರುತ್ತಾನೆ. ಹೊಳೆ ದಾಟುವ ಜಾಗದಲ್ಲಿ ಹಗಲೆಲ್ಲ ಬಡಿದಾಡಿ, ಮೊದಲ ಎರಡು ರಾತ್ರಿ ಕೂ ಹುಲಿನ್ ಗೆಳೆಯನ ಗಾಯಕ್ಕೆ ಮದ್ದು ಕಳಿಸುತ್ತಾನೆ, ಫರ್ಡಿಯಾ ಅವನಿಗೆ ಊಟ ಕಳಿಸುತ್ತಾನೆ. ನಾಲ್ಕನೇ ದಿನ ಫರ್ಡಿಯಾ ಸಾಯುತ್ತಾನೆ. ಆ ಪುಟಗಳನ್ನು ಲೋಕಲ್‌ನಲ್ಲಿ ಓದುತ್ತಿದ್ದೆ, ಇಳಿಯುವ ಸ್ಟೇಷನ್ ದಾಟಿಹೋಯಿತು.

ಕೊನೆಗೆ ಎರಡು ಗೂಳಿಗಳೂ ಗುದ್ದಾಡುತ್ತವೆ. ಕಂದು ಗೂಳಿ ಗೆದ್ದು, ಸೋತದ್ದರ ಚೂರುಗಳನ್ನು ಕೊಂಬಿನಲ್ಲಿ ಹೊತ್ತು ಊರಿಗೆ ಮರಳಿ, ತಾನೂ ಸಾಯುತ್ತದೆ. ಹೆಂಡತಿಗೆ ಹೇಳಿದೆ. 'ಅಷ್ಟಕ್ಕೂ ಆ ಲೆಕ್ಕ ಸರಿಹೋಯ್ತಲ್ಲ, ಇಬ್ಬರಿಗೂ ಗೂಳಿ ಇಲ್ಲ' ಅಂದಳು.

ಮುಂಬಯಿಯಲ್ಲೂ ವೀರಗಲ್ಲುಗಳಿವೆ, ಬೊರಿವಿಲಿಯ ಎಕ್ಸರ್‌ನಲ್ಲಿ. ಅವುಗಳಲ್ಲಿ ಕೆಲವದರ ಮೇಲೆ ದನದ ಬದಲು ಹುಟ್ಟು ಹಾಕುವ ಹಡಗುಗಳು, ಸಮುದ್ರದ ಕಾಳಗ. ಇಷ್ಟು ವರ್ಷ ಇಲ್ಲಿದ್ದೂ ನೋಡಿಲ್ಲ. ಈ ಭಾನುವಾರ ಜಂಬೋ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವುದು) ಇಲ್ಲದಿದ್ದರೆ ಹೋಗಿ ಬರಬೇಕು.