ನೆಲ ಬೆಳೀತಾ ಅಪ್ಪಾ?

ಮಂಗಳವಾರ ಸಂಜೆ ಮಗಳು ಸಮಾಜ ವಿಜ್ಞಾನದ ಟೆಸ್ಟ್ ಪೇಪರ್ ತಂದು ಮುಂದೆ ಇಟ್ಟಳು. ಭಾರತದ ಕರಾವಳಿ ಎಷ್ಟು ಉದ್ದ ಅನ್ನೋ ಪ್ರಶ್ನೆಗೆ 11,098 ಕಿ.ಮೀ. ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಮೇಷ್ಟ್ರ ಅಕ್ಷರದಲ್ಲಿ 7,516.

ಆ ಲೆಕ್ಕ ನಾನೇ ಹೇಳಿಕೊಟ್ಟಿದ್ದು. ಕೇಂದ್ರ ಗೃಹ ಸಚಿವಾಲಯದ 2023-24ರ ವಾರ್ಷಿಕ ವರದಿಯಲ್ಲಿ ಇರುವುದು ಅದೇ. ಮೇಷ್ಟ್ರು ಒಳ್ಳೆಯವರು, ಮಕ್ಕಳ ಮೇಲೆ ದನಿ ಏರಿಸುವವರಲ್ಲ. ಆದರೆ ಪುಸ್ತಕ ಬಿಟ್ಟು ಆಚೆ ಕಾಲಿಡುವವರೂ ಅಲ್ಲ. ಈ ಸಂಖ್ಯೆ ಎಲ್ಲಿಂದ ತಂದೆ ಅಂತ ಒಂದು ಮಾತು ಕೇಳಬಹುದಿತ್ತು ಅಲ್ವಾ?

ಮಗಳಿಗೆ ಮಾರ್ಕಿನ ಚಿಂತೆ ಇರಲಿಲ್ಲ. "ಮೂರೂವರೆ ಸಾವಿರ ಕಿಲೋಮೀಟರ್ ಜಾಸ್ತಿ ಹೇಗಾಯ್ತು? ನೆಲ ಬೆಳೀತಾ ಅಪ್ಪಾ?" ಅಂದಳು.

ನೆಲ ಬೆಳೆದಿಲ್ಲ, ಅಳೆಯುವ ಕೋಲು ಸಣ್ಣದಾಗಿದೆ. ಹಿಂದೆ ಅಳೆದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ 45 ಕಿ.ಮೀ. ಈಗಿನದರಲ್ಲಿ ಬರೀ ಎರಡೂವರೆ. ಹೇಳಿದೆ, ಅವಳ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಅಟ್ಲಾಸ್ ತೆಗೆದು ಗುಜರಾತಿನ ಅಂಚಿನ ಮೇಲೆ ಡಿವೈಡರ್ ನಡೆಸಿದೆವು. ಮೂರು ಸೆಂಟಿಮೀಟರ್ ಅಗಲಿಸಿದಾಗ ಖಂಬಾತ್ ಕೊಲ್ಲಿಯನ್ನು ಒಂದೇ ದಾಪುಗಾಲಿಗೆ ದಾಟಿಬಿಟ್ಟಿತು. ಅರ್ಧ ಸೆಂಟಿಮೀಟರಿಗೆ ಇಳಿಸಿದೆವು. ಈಗ ಅದರ ಮೊನೆ ಕೊಲ್ಲಿಯೊಳಗೆ ಇಳಿಯಿತು, ತುದಿ ಮುಟ್ಟಿತು, ಆಚೆ ದಡ ಹಿಡಿದು ವಾಪಸ್ ಬಂತು. ಮಗಳು ಹೆಜ್ಜೆ ಎಣಿಸುವುದನ್ನೇ ಮರೆತು ನೋಡುತ್ತಿದ್ದಳು. "ಹಾಗಾದ್ರೆ ಇನ್ನೂ ಸಣ್ಣದು ಮಾಡಿದ್ರೆ?"

ಇದೇ ಪ್ರಶ್ನೆ ಹಿಡಿದು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಅಂತ ಕೇಳಿದ್ದರು. ಅವರಿಗೂ ಮೊದಲು ಇಂಗ್ಲೆಂಡಿನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಒಂದು ವಿಚಿತ್ರ ಗಮನಿಸಿದ್ದರು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಒಂದೇ ಗಡಿ ಒಂದು ಲೆಕ್ಕದಲ್ಲಿ 987 ಕಿ.ಮೀ., ಇನ್ನೊಂದರಲ್ಲಿ 1,214. ಯಾರೂ ಸುಳ್ಳು ಬರೆದಿರಲಿಲ್ಲ. ಹತ್ತಿರ ಹೋದಷ್ಟೂ ಹೊಸ ಅಂಕುಡೊಂಕು ಕಾಣುವ ಇಂಥ ಆಕಾರಗಳಿಗೆ ಫ್ರ್ಯಾಕ್ಟಲ್ ಅನ್ನೋ ಹೆಸರನ್ನು ಮ್ಯಾಂಡೆಲ್‌ಬ್ರಾಟ್ ಕೊಟ್ಟಿದ್ದು 1975ರಲ್ಲಿ. ಮುರಿದದ್ದು ಅಂತ ಅರ್ಥವಿರುವ ಲ್ಯಾಟಿನ್ ಪದದಿಂದ ಬಂದದ್ದು. ನನಗೆ ಮಾತ್ರ ಅಲ್ಲಿ ಮುರಿದದ್ದಕ್ಕಿಂತ ಮುಗಿಯದ್ದೇ ಜಾಸ್ತಿ ಕಾಣುತ್ತದೆ.

ರಾತ್ರಿ ಮಲಗಿದರೂ "ನೆಲ ಬೆಳೀತಾ ಅಪ್ಪಾ" ಕಿವಿಯಲ್ಲೇ ಇತ್ತು. ಎಷ್ಟು ಹತ್ತಿರ ಹೋದರೆ ಅಷ್ಟು ಬೆಳೆಯುತ್ತದೆ ಅಂದಿದ್ದರೂ ತಪ್ಪಾಗುತ್ತಿರಲಿಲ್ಲವೇನೋ. ಅಜ್ಜಿ ಮನೆ ಬಾವಿಕಟ್ಟೆಯ ಜರಿಗಿಡ ನೆನಪಾಯಿತು. ಒಂದು ಗರಿ ಕಿತ್ತರೆ ಅದೇ ಪುಟ್ಟ ಜರಿಯೆಲೆ. ಅದರ ಗರಿ ಕಿತ್ತರೆ ಇನ್ನೂ ಪುಟ್ಟದು. ಚಿಕ್ಕಂದಿನಲ್ಲಿ ಸುಮ್ನೆ ಕೀಳುತ್ತಾ ಕೂತಿರುತ್ತಿದ್ದೆ. ಗಣಿತದ ಪೀರಿಯಡ್‌ನಲ್ಲಿ ಅದನ್ನು ಯಾರೂ ತೋರಿಸಲಿಲ್ಲ.

ನಿನ್ನೆ ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ಫಾನ್ ಕಾಕ್ 1904ರಲ್ಲಿ ಕಟ್ಟಿದ ಗೆರೆಯನ್ನು ಮಗಳಿಗೆ ತೋರಿಸಿದೆ. ಒಂಬತ್ತು ಸೆಂಟಿಮೀಟರ್ ಗೆರೆ ಎಳೆದು, ನಡುವಿನ ಮೂರನ್ನು ಅಳಿಸಿ, ಅಲ್ಲಿ ಗುಡಾರದ ಹಾಗೆ ಮೂರು ಮೂರರ ಎರಡು ಗೆರೆ. ಉದ್ದ ಹನ್ನೆರಡಾಯಿತು. ಪ್ರತಿ ತುಂಡಿಗೂ ಹಾಗೇ ಮಾಡಿದಾಗ ಹದಿನಾರು. ಹೀಗೇ ಮಾಡುತ್ತಾ ಹೋದರೆ ಉದ್ದಕ್ಕೆ ಕೊನೆಯೇ ಇಲ್ಲ, ಆದರೂ ಗೆರೆ ಹಾಳೆ ಬಿಟ್ಟು ಹೊರಗೆ ಹೋಗುವುದಿಲ್ಲ. ನಾಲ್ಕನೇ ಸುತ್ತಿಗೆ ತುಂಡುಗಳು ಒಂದು ಮಿಲಿಮೀಟರಿನ ಹತ್ತಿರ ಬಂದು ಪೆನ್ಸಿಲ್ಲೇ ದಪ್ಪವಾಯಿತು. ಮಗಳು ಎದ್ದು ಹೋಗಿ ಶಾರ್ಪ್‌ನರ್ ತಂದಳು.