ನೀರೊಳಗಿನ ಬೆವರು: ಪಾತ್ರವೊಂದು ನಮ್ಮನ್ನು ಕಾಡುವುದು ಯಾಕೆ?

ಕಥೆ ಮತ್ತು ಚಿತ್ರಕಥೆಗಳ ಕರಡುಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತ ಬಂದಿರುವುದರಿಂದ, ಹೊಸದಾಗಿ ಬರೆಯಲು ತೊಡಗಿದವರು ನನ್ನನ್ನು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಕೆಲವು ಪಾತ್ರಗಳು ಸಿನಿಮಾ ನೋಡಿ ಎಷ್ಟೋ ವರ್ಷಗಳಾದ ಮೇಲೂ ಮನಸ್ಸಿನಲ್ಲಿ ಓಡಾಡಿಕೊಂಡಿರುತ್ತವೆ, ಇನ್ನು ಕೆಲವುಗಳ ಹೆಸರು ಚಿತ್ರಮಂದಿರದ ಬಾಗಿಲು ದಾಟುವಷ್ಟರಲ್ಲೇ ಮರೆತುಹೋಗುತ್ತದೆ. ಇದಕ್ಕೆ ಕಾರಣವೇನು, ಕಾಡುವಂಥ ಪಾತ್ರವನ್ನು ಕಟ್ಟುವುದು ಹೇಗೆ ಎಂಬುದು ಆ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಪಾತ್ರ ನಮಗೆ ಇಷ್ಟವಾಗಬೇಕು, ಅದಕ್ಕೆ ನೋವಿನ ಹಿನ್ನೆಲೆ ಇರಬೇಕು, ಒಂದು ದೌರ್ಬಲ್ಯ ಇರಬೇಕು, ಕೊನೆಗೆ ಅದು ಬದಲಾಗಬೇಕು, ಅಲ್ಲವೇ ಎಂದು ಅವರೇ ಹೇಳಿ ನನ್ನ ತಲೆಯಾಡಿಸುವಿಕೆಗೆ ಕಾಯುತ್ತಾರೆ. ಈ ನಾಲ್ಕೂ ಅಚ್ಚುಕಟ್ಟಾಗಿದ್ದು ಉಸಿರು ಮಾತ್ರ ಇಲ್ಲದ ಪಾತ್ರಗಳನ್ನು ಕರಡುಗಳಲ್ಲಿ ಬೇಕಾದಷ್ಟು ನೋಡಿರುವುದರಿಂದ ನಾನು ತಲೆಯಾಡಿಸುವುದಿಲ್ಲ.

ಬರೆಯುವವರು ಕಟ್ಟುವುದು ಪಾತ್ರದ ಅರ್ಧವನ್ನು ಮಾತ್ರ, ಉಳಿದರ್ಧವನ್ನು ಕಟ್ಟುವವರು ಓದುಗರು ಮತ್ತು ಪ್ರೇಕ್ಷಕರು ಎಂಬುದು ನನ್ನ ಉತ್ತರ. ಪಾತ್ರವು ತನ್ನ ಬಗ್ಗೆ ಏನನ್ನು ನಂಬಿಕೊಂಡಿದೆಯೋ ಅದಕ್ಕೂ, ಇಕ್ಕಟ್ಟಿನಲ್ಲಿ ಸಿಕ್ಕಾಗ ಅದು ಏನನ್ನು ಮಾಡುತ್ತದೆಯೋ ಅದಕ್ಕೂ ನಡುವೆ ಒಂದು ಬಿರುಕು ಕಂಡಾಗ ನಾವು ಸುಮ್ಮನೆ ಕೂರಲಾರೆವು. ಆ ಬಿರುಕನ್ನು ಮುಚ್ಚಲು ನಮ್ಮ ಸ್ವಂತ ಬದುಕಿನಿಂದ ಏನನ್ನೋ ತಂದು ತುಂಬುತ್ತೇವೆ. ಹಾಗೆ ತುಂಬಿದ್ದು ನಮ್ಮದೇ ಆದ್ದರಿಂದ ಆ ಪಾತ್ರ ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಬರೆಯುವವರೇ ಎಲ್ಲವನ್ನೂ ತುಂಬಿಕೊಟ್ಟರೆ ನಾವು ಅದನ್ನು ನೋಡಿ ಮೆಚ್ಚಬಹುದು, ಒಂದು ಹನಿ ಕಣ್ಣೀರನ್ನೂ ಹಾಕಬಹುದು, ಆದರೆ ಮನೆಗೆ ಕರೆದೊಯ್ಯುವುದಿಲ್ಲ.

ಪ್ರೇಕ್ಷಕರ ಈ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ 1944ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಚಲನಚಿತ್ರವನ್ನು ತಯಾರಿಸಿದ್ದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ ಮತ್ತು ತೆರೆದು ಮುಚ್ಚುವ ಬಾಗಿಲಿನಂಥ ಭಾಗವಿದ್ದ ಒಂದು ಆಯತ, ಅಷ್ಟೇ. ಈ ಆಕೃತಿಗಳು ಆಯತದ ಒಳಗೂ ಹೊರಗೂ ಚಲಿಸುತ್ತಿದ್ದವು. ನೋಡಿದ್ದನ್ನು ಬರೆಯಿರಿ ಎಂದು ಮೊದಲ ಗುಂಪಿನ 34 ಮಂದಿಗೆ ಹೇಳಿದಾಗ, ಹೆಚ್ಚುಕಡಿಮೆ ರೇಖಾಗಣಿತದ ಭಾಷೆಯಲ್ಲೇ ಬರೆದವರು ಒಬ್ಬರು ಮಾತ್ರ. ಉಳಿದವರೆಲ್ಲ ದೊಡ್ಡ ತ್ರಿಕೋನ ಜಗಳಗಂಟ, ವೃತ್ತ ಹೆದರಿಕೊಂಡಿದೆ ಎಂಬ ಧಾಟಿಯಲ್ಲಿ ಕಥೆಯನ್ನೇ ಬರೆದರು. ಮುಖವಿಲ್ಲದ, ಮಾತಿಲ್ಲದ, ಬಾಲ್ಯದ ಯಾವ ಆಘಾತವೂ ಇಲ್ಲದ ತ್ರಿಕೋನವು ಪಾತ್ರವಾಗಿಬಿಡಲು ಅದು ಏನನ್ನೋ ಬಯಸುತ್ತಿದೆ ಮತ್ತು ಯಾರೋ ಅದಕ್ಕೆ ಅಡ್ಡ ನಿಂತಿದ್ದಾರೆ ಎಂದು ತೋರಿದ್ದಷ್ಟೇ ಸಾಕಾಯಿತು. ನಾಯಕನ ಅಚ್ಚುಮೆಚ್ಚಿನ ಬಣ್ಣ, ಓದಿದ ಶಾಲೆ, ಜನ್ಮದಿನ ಎಂದು ನಾಲ್ಕು ಪುಟಗಳ ವಿವರಪಟ್ಟಿಯನ್ನು ಚಿತ್ರಕಥೆಯ ಜೊತೆಗೆ ಕಳುಹಿಸುವವರಿಗೆ ನಾನು ಮೊದಲು ಹೇಳುವ ಸಂಗತಿ ಇದು. ಆ ಪಟ್ಟಿಯಿಂದ ಬರೆಯುವವರಿಗೆ ಏನಾದರೂ ಪ್ರಯೋಜನವಿರಬಹುದು, ಪಾತ್ರಕ್ಕಂತೂ ಇಲ್ಲ.

ಆದರೂ ಆ ತ್ರಿಕೋನ ಯಾರನ್ನೂ ರಾತ್ರಿ ನಿದ್ದೆಗೆಡಿಸಿರಲಾರದು. ಅದು ಹೊಡೆಯಬೇಕೆಂದುಕೊಂಡಿತು, ಹೊಡೆಯಿತು. ಬಯಕೆ ಮತ್ತು ಅಡ್ಡಿ ಇದ್ದರೆ ಪಾತ್ರ ಹುಟ್ಟುತ್ತದೆ, ಆದರೆ ಕಾಡಲು ಅಷ್ಟು ಸಾಲದು. ಅದಕ್ಕೆ ಬೇಕಾದ ಬಿರುಕು ಎಂಥದು ಎಂದು ತೋರಿಸಲು ನಾನು ಹೋಗುವುದು ಹತ್ತನೆಯ ಶತಮಾನದ ರನ್ನನ ಬಳಿಗೆ.

ರನ್ನನ ಗದಾಯುದ್ಧದಲ್ಲಿ ದುರ್ಯೋಧನ ತನ್ನ ಬಗ್ಗೆ ಇಟ್ಟುಕೊಂಡಿರುವ ನಂಬಿಕೆ ಬಹಳ ಸ್ಪಷ್ಟವಾಗಿದೆ. ಸಂಧಿ ಮಾಡಿಕೊಳ್ಳೆಂದು ಹೆತ್ತವರು ಅಂಗಲಾಚಿದಾಗಲೂ ಅವನು ಒಪ್ಪುವುದಿಲ್ಲ. ಆಮೇಲೆ ಭೀಷ್ಮನೂ ಅದನ್ನೇ ಹೇಳಿದಾಗ, ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತಿದ್ದೇನೆ ಎನ್ನುತ್ತಾನೆ. ಆ ಭೀಷ್ಮನ ಬಳಿಗೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಅವನಿಗೆ ಅಭಿಮನ್ಯುವಿನ ಶವ ಕಾಣಿಸುತ್ತದೆ. ಶತ್ರುವಿನ ಮಗ ಅವನು, ದುರ್ಯೋಧನನ ಸ್ವಂತ ಮಗನನ್ನು ಕೊಂದವನು, ದುರ್ಯೋಧನನ ಕಡೆಯವರೇ ಸುತ್ತುವರಿದು ಅನ್ಯಾಯವಾಗಿ ಕೊಂದುಹಾಕಿದ ಹುಡುಗ. ಅಲ್ಲಿ ಯಾವ ಪಾತ್ರವಾದರೂ ಹಲ್ಲು ಕಡಿಯಬೇಕು ಅಥವಾ ಮುಖ ತಿರುಗಿಸಿ ಹೋಗಬೇಕು. ದುರ್ಯೋಧನನಾದರೋ ನಿಂತು, ನಿನ್ನ ಸಾಹಸದಲ್ಲಿ ಒಂದು ಭಾಗಕ್ಕಾದರೂ ಸರಿಸಮನಾದ ಸಾವು ನನಗೆ ಬರಲಿ ಎಂದು ಆ ಹುಡುಗನನ್ನು ಪ್ರಾರ್ಥಿಸುತ್ತಾನೆ. ಇದೇ ಛಲದಂಕಮಲ್ಲ ಸ್ವಲ್ಪ ಹೊತ್ತಿನಲ್ಲಿ, ಭೀಷ್ಮನ ಮಾತಿಗೆ ಕಟ್ಟುಬಿದ್ದು, ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿ ಕೂರುತ್ತಾನೆ. ಭೀಮ ದಡದಲ್ಲಿ ನಿಂತು ಗರ್ಜಿಸುತ್ತಾನೆ, ದುರ್ಯೋಧನ ನೀರಿನೊಳಗಿದ್ದೂ ಬೆವರುತ್ತಾನೆ.

ಕೋಪದಿಂದ ಅವನ ಕಣ್ಣು ಕೆಂಪಾಗಿತ್ತೆಂದು ಕವಿ ಅದೇ ಪದ್ಯದಲ್ಲಿ ಹೇಳಿರುವುದು ನಿಜ. ಆದರೆ ಕೆಂಪು ಕಣ್ಣು ಯಾರಿಗೂ ನೆನಪಿಲ್ಲ, ಬೆವರು ಎಲ್ಲರಿಗೂ ನೆನಪಿದೆ. ಕೆಂಗಣ್ಣಿಗೆ ಅರ್ಥ ಒಂದೇ, ಅದನ್ನು ಕವಿಯೇ ಕೊಟ್ಟುಬಿಟ್ಟಿದ್ದಾನೆ. ಬೆವರಿಗೆ ಹಾಗಲ್ಲ. ಅದು ಕೋಪದ ಬೆವರೇ, ಅಡಗಿ ಕೂತಿದ್ದಕ್ಕೆ ತನ್ನ ಮೇಲೆಯೇ ಹುಟ್ಟಿದ ನಾಚಿಕೆಯ ಬೆವರೇ, ಅಥವಾ ಅವನು ಎಂದೂ ಒಪ್ಪಿಕೊಳ್ಳದ ಭಯದ್ದೇ? ಕೋಪದ್ದೊಂದೇ ಎಂದು ಒಪ್ಪಲು ನನ್ನ ಮನಸ್ಸು ಇವತ್ತಿಗೂ ಸಿದ್ಧವಿಲ್ಲ. ವಿದ್ವಾಂಸರು ಏನೇ ಹೇಳಲಿ, ಆ ತಕರಾರನ್ನು ಬಿಡದೆ ಉಳಿಸಿಕೊಂಡಿರುವ ತನಕ ದುರ್ಯೋಧನ ನನ್ನ ಪಾಲಿಗೆ ಬದುಕಿರುತ್ತಾನೆ.

‘ಹೇಳಬೇಡ, ತೋರಿಸು’ ಎಂಬ ಬುದ್ಧಿಮಾತನ್ನು ಬರವಣಿಗೆಯ ತರಗತಿಗಳಲ್ಲಿ ಹೊಸ ಕಾಲದ ಕಂಡುಹಿಡಿಕೆಯಂತೆ ಹಂಚುತ್ತಾರೆ. ನಮ್ಮ ಅಲಂಕಾರಶಾಸ್ತ್ರ ಇದನ್ನು ಸಾವಿರ ವರ್ಷಗಳ ಹಿಂದೆಯೇ ಇನ್ನೂ ಖಚಿತವಾಗಿ ಹೇಳಿದೆ: ರಸವನ್ನಾಗಲಿ ಭಾವವನ್ನಾಗಲಿ ಅದರ ಹೆಸರು ಹಿಡಿದೇ ಹೇಳಿಬಿಡುವುದನ್ನು ಹನ್ನೊಂದನೆಯ ಶತಮಾನದ ಮಮ್ಮಟನು ರಸದೋಷಗಳ ಸಾಲಿನಲ್ಲಿ ಎಣಿಸುತ್ತಾನೆ. ಶೃಂಗಾರ ಎಂಬ ಪದವನ್ನು ಬರೆದರೆ ಶೃಂಗಾರ ಹುಟ್ಟುವುದಿಲ್ಲ. ಅದಕ್ಕೆ ಕಾರಣವಾದ ಸನ್ನಿವೇಶ ಬೇಕು, ಮೈಯಲ್ಲಿ ಅದು ಕಾಣಿಸಿಕೊಳ್ಳುವ ಚಿಹ್ನೆ ಬೇಕು, ನಡುವೆ ಬಂದು ಹೋಗುವ ಸಣ್ಣ ಭಾವಗಳು ಬೇಕು. ಒಳಗಿನ ಭಾವ ಮೈಮೇಲೆ ತಾನಾಗಿ ಕಾಣಿಸಿಕೊಳ್ಳುವ ಚಿಹ್ನೆಗಳಾದ ಎಂಟು ಸಾತ್ವಿಕ ಭಾವಗಳಲ್ಲಿ ಬೆವರು ಒಂದು. ಮಮ್ಮಟನಿಗಿಂತ ಮೊದಲಿನವನಾದರೂ ರನ್ನನಿಗೆ ಈ ಶಾಸ್ತ್ರದ ಹಿನ್ನೆಲೆ ಇದ್ದಿರಬೇಕು; ಬೆವರನ್ನು ನೀರಿನೊಳಗೆ ಇಟ್ಟದ್ದು ಮಾತ್ರ ಅವನ ಸ್ವಂತ ಬುದ್ಧಿ ಎಂದು ನನಗೆ ಅನಿಸುತ್ತದೆ.

ಇನ್ನು ನನ್ನ ಮೇಜಿಗೆ ಬಂದ ಒಂದು ದೃಶ್ಯವನ್ನು ಹೇಳುತ್ತೇನೆ. ಬರೆದವರು ಅದನ್ನು ಬಳಸಿಕೊಳ್ಳಲು ಒಪ್ಪಿದ್ದಾರೆ, ಹೆಸರು ಬೇಡವೆಂದಿದ್ದಾರೆ. ಅಣ್ಣನೊಬ್ಬ ತಮ್ಮನ ಮನೆಗೆ ಸಾಲ ಕೇಳಲು ಬರುತ್ತಾನೆ. ಜೀವನದಲ್ಲಿ ಯಾರ ಮುಂದೆಯೂ ಕೈ ಚಾಚದವನು, ತಮ್ಮನನ್ನು ಓದಿಸಿದವನು. ಮೊದಲ ಕರಡಿನಲ್ಲಿ ಅಣ್ಣ ಕುರ್ಚಿಯ ತುದಿಯಲ್ಲಿ ಕುಳಿತು, “ನಾನು ಯಾರ ಹತ್ತಿರವೂ ಕೇಳಿದವನಲ್ಲ, ಇವತ್ತು ನಿನ್ನ ಮುಂದೆ ಹೀಗೆ ಕೂರಬೇಕಾಗಿ ಬಂತಲ್ಲ, ನನಗೆ ಎಷ್ಟು ಅವಮಾನವಾಗುತ್ತಿದೆ ಗೊತ್ತೇನೋ” ಎಂದು ಆರಂಭಿಸಿ ಒಂದೂವರೆ ಪುಟ ಮಾತನಾಡುತ್ತಿದ್ದ. ಮಾತು ಚೆನ್ನಾಗಿಯೇ ಇತ್ತು, ಒಳ್ಳೆಯ ನಟ ಸಿಕ್ಕಿದರೆ ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಅವಮಾನವೆಂದು ಅವನೇ ಹೇಳಿದ ಮೇಲೆ ಆ ಅವಮಾನವನ್ನು ನಾವು ಹುಡುಕಬೇಕಾದ ಅಗತ್ಯ ಉಳಿದಿರಲಿಲ್ಲ.

ನಾಲ್ಕನೆಯ ಕರಡಿನಲ್ಲಿ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಾನೆ, ಕೈಯಲ್ಲಿ ಛತ್ರಿ. ಬಾಗಿಲಿನ ಚಿಲಕ ಸಡಿಲವಾಗಿರುವುದು ಅವನ ಕಣ್ಣಿಗೆ ಬೀಳುತ್ತದೆ. “ಇದನ್ನೂ ಹೀಗೇ ಬಿಟ್ಟಿದ್ದೀಯಲ್ಲೋ” ಎಂದು ತಮ್ಮನನ್ನು ಗದರಿ, ಸ್ಕ್ರೂಡ್ರೈವರ್ ತರಿಸಿಕೊಂಡು, ಅವಸರವಿಲ್ಲದೆ ಒಂದೊಂದೇ ಸ್ಕ್ರೂ ಬಿಗಿಮಾಡುತ್ತಾನೆ. ತಮ್ಮನು ತನ್ನ ಕೆಲಸದ ವಿಷಯ ಮಾತನಾಡುತ್ತಾನೆ, ಅಣ್ಣ ಚಿಲಕದ ವಿಷಯ ಮಾತನಾಡುತ್ತಾನೆ. ಕೆಲಸ ಮುಗಿದ ಮೇಲೂ ಚಿಲಕವನ್ನು ನಾಲ್ಕೈದು ಸಲ ಹಾಕಿ ತೆಗೆದು ನೋಡುತ್ತಾನೆ. ಆಮೇಲೆ, ಬರುತ್ತೇನೆ ಎಂದು ಹೊರಟುಬಿಡುತ್ತಾನೆ. ಗೇಟಿನವರೆಗೆ ಹೋದವನು ಹಿಂತಿರುಗಿ ಬಂದು ಬಾಗಿಲು ತಟ್ಟುತ್ತಾನೆ. ತಮ್ಮನ ಹೆಂಡತಿ ಬಾಗಿಲು ತೆರೆದಾಗ, “ಛತ್ರಿ ಮರೆತೆನಮ್ಮ” ಎನ್ನುತ್ತಾನೆ. ಛತ್ರಿ ಅವನ ಕೈಯಲ್ಲೇ ಇದೆ. ಅವಳು ಅದನ್ನು ನೋಡುತ್ತಾಳೆ, ಅವನ ಮುಖವನ್ನು ನೋಡುತ್ತಾಳೆ, “ಒಳಗೆ ಬನ್ನಿ ಭಾವ, ಹುಡುಕೋಣ” ಎನ್ನುತ್ತಾಳೆ. ದೃಶ್ಯ ಅಲ್ಲಿಗೆ ನಿಲ್ಲುತ್ತದೆ.

ಈ ಕರಡಿನಲ್ಲಿ ಅಣ್ಣನ ಬಗ್ಗೆ ಹೊಸದಾಗಿ ಸೇರಿಸಿದ ಮಾಹಿತಿ ಒಂದೂ ಇಲ್ಲ. ಅವನು ಇನ್ನೂ ದೊಡ್ಡವನಾಗಿ, ಕೊಡುವವನಾಗಿಯೇ ಆ ಮನೆಯಲ್ಲಿ ಇರಲು ಬಯಸುತ್ತಾನೆ. ಬಂದಿರುವುದು ಮಾತ್ರ ಕೇಳಲು. ಆ ಎರಡರ ನಡುವೆ ಚಿಲಕ ಸಿಕ್ಕಿತು. ಇದಕ್ಕಿಂತಲೂ ನನ್ನನ್ನು ತಟ್ಟಿದ್ದು ಆ ಹೆಣ್ಣುಮಗಳು. ಮೂರು ಕರಡುಗಳಲ್ಲಿ ಕಾಫಿ ತಂದಿಟ್ಟು ಹೋಗುತ್ತಿದ್ದವಳು, ಮೂರೇ ಪದಗಳ ಒಂದು ಕರೆ ಮತ್ತು ‘ಹುಡುಕೋಣ’ ಎಂಬ ಒಂದು ಸುಳ್ಳಿನಿಂದ, ಇಡೀ ಚಿತ್ರಕಥೆಯಲ್ಲಿ ನಾನು ಮತ್ತೆ ಮತ್ತೆ ಎದುರುನೋಡುವ ಪಾತ್ರವಾಗಿಬಿಟ್ಟಳು.

ಅರಿಸ್ಟಾಟಲ್ ಇದನ್ನು ಬೇರೆ ದಿಕ್ಕಿನಿಂದ ಹೇಳಿದ್ದಾನೆ. ಮಾತನಾಡುವವನು ಏನನ್ನು ಆರಿಸಿಕೊಳ್ಳುತ್ತಾನೆ, ಏನನ್ನು ಬಿಡುತ್ತಾನೆ ಎಂಬುದು ಕಾಣದ ಮಾತಿನಲ್ಲಿ ಶೀಲವೂ ಕಾಣುವುದಿಲ್ಲ ಎಂಬುದು ಅವನ ನಿಲುವು. ಆಯ್ಕೆ ಎಂದೊಡನೆ ನಮ್ಮ ಬರಹಗಾರರು ಪ್ರಾಣ ಮುಖ್ಯವೋ ಧರ್ಮ ಮುಖ್ಯವೋ ಎಂಬಂಥ ಭಾರೀ ಕವಲುದಾರಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಛತ್ರಿಯನ್ನು ಕಂಡೂ ಕಾಣದಂತೆ ಮಾಡುವುದು ಕೂಡ ಆಯ್ಕೆಯೇ.

ಕಥೆಗೂ ಸಿನಿಮಾಕ್ಕೂ ಇಲ್ಲಿ ಒಂದು ವ್ಯತ್ಯಾಸವಿದೆ. ಕಥೆಗಾರ ಪಾತ್ರದ ತಲೆಯೊಳಗೆ ನೇರವಾಗಿ ಇಳಿಯಬಹುದು, ಹಾಗಾಗಿ ಅವನಿಗೆ ಎಲ್ಲವನ್ನೂ ವಿವರಿಸಿಬಿಡುವ ಆಸೆಯೂ ಹೆಚ್ಚು. ಒಳ್ಳೆಯವರು ಒಳಗಿಳಿದು ಕೂಡ ಪಾತ್ರವು ತನಗೆ ತಾನೇ ಹೇಳಿಕೊಳ್ಳುವ ಸುಳ್ಳುಗಳನ್ನಷ್ಟೇ ಬರೆದು ಹೊರಬರುತ್ತಾರೆ. ಸಿನಿಮಾದವರ ಕೈಯಲ್ಲಿರುವುದು ಮುಖ ಮತ್ತು ಅದರ ಹಿಂದೆಮುಂದೆ ಜೋಡಿಸಿದ ಚಿತ್ರಗಳು. ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ನಿರ್ಲಿಪ್ತ ಮುಖದ ಒಂದೇ ಶಾಟ್ ಅನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆಗೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆಗೆ ಜೋಡಿಸಿ ತೋರಿಸಿದಾಗ, ಜನರು ಆ ಮುಖದಲ್ಲಿ ಬೇರೆ ಬೇರೆ ಭಾವಗಳನ್ನು ಕಂಡು ನಟನೆಯನ್ನು ಹೊಗಳಿದರೆಂದು ಅವನ ಜೊತೆಗಾರ ಪುಡೊವ್ಕಿನ್ ಬರೆದಿದ್ದಾನೆ. ನಟನ ಶ್ರಮವನ್ನು ಹೀಗಳೆಯಲು ಇದನ್ನು ಬಳಸುವವರಿದ್ದಾರೆ, ಅದು ತಪ್ಪು. ಮುಖದಲ್ಲಿ ಸ್ವಲ್ಪ ಜಾಗ ಬಿಟ್ಟುಕೊಡುವುದಕ್ಕೂ ದೊಡ್ಡ ನಟನೇ ಬೇಕು.

ಇಷ್ಟವಾಗುವ ಪಾತ್ರದ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ದುರ್ಯೋಧನನನ್ನು ಮನೆಗೆ ಊಟಕ್ಕೆ ಕರೆಯಲು ನನಗೆ ಮನಸ್ಸಿಲ್ಲ, ಆದರೂ ಅವನು ಹೋದಲ್ಲೆಲ್ಲ ಅವನ ಹಿಂದೆ ಹೋಗುತ್ತೇನೆ. ದೌರ್ಬಲ್ಯದ ಮಾತೂ ಅಷ್ಟೇ: ನಾಯಕನಿಗೆ ಕುಡಿತದ ಚಟವನ್ನೋ ಕತ್ತಲೆಯ ಹೆದರಿಕೆಯನ್ನೋ ಮೇಲಿನಿಂದ ಅಂಟಿಸಿದರೆ ಅದು ಒಗ್ಗರಣೆಯಾಗುತ್ತದೆ. ಛಲವೇ ಗುಣವೂ ಆಗಿ ದೋಷವೂ ಆಗಿ, ಒಂದನ್ನು ಕಿತ್ತರೆ ಇನ್ನೊಂದೂ ಬರುವಂತಿದ್ದಾಗ ಮಾತ್ರ ಅದಕ್ಕೆ ಬೆಲೆ.

ನೋವಿನ ಹಿನ್ನೆಲೆಯ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಖಳನು ಕ್ರೂರಿಯಾದದ್ದು ಬಾಲ್ಯದಲ್ಲಿ ಅಪ್ಪ ಹೊಡೆಯುತ್ತಿದ್ದುದರಿಂದ ಎಂದು ಹಿನ್ನೋಟದ ಒಂದು ದೃಶ್ಯದಲ್ಲಿ ತೋರಿಸಿಬಿಟ್ಟರೆ, ಅದುವರೆಗೆ ಒಗಟಾಗಿದ್ದ ಮನುಷ್ಯ ಒಂದು ಲೆಕ್ಕವಾಗಿಬಿಡುತ್ತಾನೆ, ಉತ್ತರವೂ ಪುಟದ ಕೆಳಗೇ ಇರುತ್ತದೆ. ಹಿನ್ನೆಲೆಯನ್ನು ಹೇಳಲೇಬೇಕಿದ್ದರೆ, ಅದನ್ನು ತಿಳಿದ ಮೇಲೆ ಪಾತ್ರ ಮೊದಲಿಗಿಂತ ಹೆಚ್ಚು ಗೊಂದಲ ಹುಟ್ಟಿಸುವಂತಿರಬೇಕು.

ಎಲ್ಲ ಪಾತ್ರಗಳಿಗೂ ಇಂಥ ಬಿರುಕು ಬೇಕೇ ಎಂದು ಕೇಳಿದರೆ, ಬೇಡ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪಾತ್ರಗಳನ್ನು ಚಪ್ಪಟೆ ಮತ್ತು ದುಂಡು ಎಂದು ವಿಂಗಡಿಸಿ, ನಂಬುವಂತೆ ಬೆರಗುಗೊಳಿಸಬಲ್ಲದ್ದೇ ದುಂಡು ಪಾತ್ರ ಎಂದು ಅಳತೆಗೋಲು ಕೊಟ್ಟ. ಅವನ ಮಾತನ್ನು ಉಲ್ಲೇಖಿಸುವವರು ಮರೆಯುವ ಸಂಗತಿಯೆಂದರೆ ಚಪ್ಪಟೆ ಪಾತ್ರಗಳನ್ನು ಅವನು ಬೈದಿರಲಿಲ್ಲ. ಬಂದ ಕೂಡಲೇ ಗುರುತು ಸಿಗುತ್ತವೆ, ಸುಲಭವಾಗಿ ನೆನಪಿರುತ್ತವೆ ಎಂದು ಅವುಗಳ ಉಪಯೋಗವನ್ನೂ ಹೇಳಿದ್ದ. ಅಂಚೆಯವನಿಗೂ ಅಂತರಂಗದ ತುಮುಲ ಕೊಟ್ಟರೆ ಕಾಗದ ತಲುಪುವುದು ಯಾವಾಗ?

ಇದರ ಎದುರು ತುದಿಯ ಕಾಯಿಲೆಯನ್ನೂ ಹೇಳಬೇಕು, ಯಾಕೆಂದರೆ ನನ್ನ ಮಾತನ್ನು ಕೇಳಿ ಕೆಟ್ಟವರು ಕೆಲವರಿದ್ದಾರೆ. ಏನನ್ನೂ ಹೇಳಬಾರದು ಎಂದುಕೊಂಡು ಅವರು ನಾಯಕನನ್ನು ಕಿಟಕಿಯ ಪಕ್ಕ ನಿಲ್ಲಿಸಿ ಐದು ನಿಮಿಷ ಹೊರಗೆ ನೋಡಿಸುತ್ತಾರೆ. ಅದು ಬಿರುಕಲ್ಲ, ಬರೀ ಬಯಲು. ಬಿರುಕು ಕಾಣಬೇಕಾದರೆ ಎರಡು ಬದಿಗಳಲ್ಲೂ ಗಟ್ಟಿ ಗೋಡೆ ಇರಬೇಕು: ಅಣ್ಣನ ಸ್ವಾಭಿಮಾನ ನಮಗೆ ನಿಶ್ಚಿತವಾಗಿ ಗೊತ್ತಿರಬೇಕು, ಅವನಿಗೆ ಹಣದ ಅಗತ್ಯ ಎಷ್ಟು ತೀವ್ರವಾಗಿದೆ ಎಂಬುದೂ ಗೊತ್ತಿರಬೇಕು. ಹಿಂದಿನ ದೃಶ್ಯಗಳಲ್ಲಿ ಇವೆರಡನ್ನೂ ಕಂಡಿರದಿದ್ದರೆ ಛತ್ರಿ ಬರೀ ಮರೆವಿನ ಮುದುಕನ ಹಾಸ್ಯವಾಗುತ್ತಿತ್ತು.

ಅಂದ ಹಾಗೆ, ಒಳಗೆ ಹೋದ ಮೇಲೆ ಅಣ್ಣ ಹಣ ಕೇಳಿದನೇ ಎಂಬುದು ಚಿತ್ರಕಥೆಯಲ್ಲಿ ಇಲ್ಲ. ಕೇಳಿದ ಎಂದು ಬರೆದವರು ಹೇಳುತ್ತಾರೆ. ಅವರ ಮನಸ್ಸಿನಲ್ಲಿ ಮೊತ್ತವೂ ಇದೆ. ಅವನು ಕೇಳಲಿಲ್ಲ, ಅವಳೇ ಕೊಟ್ಟಳು ಎಂಬುದು ನನ್ನ ವಾದ. ಈ ವಿಷಯದಲ್ಲಿ ನಾವಿಬ್ಬರೂ ಇನ್ನೂ ರಾಜಿಯಾಗಿಲ್ಲ.