ಹಳದಿ ಕೊರಳಿಗಾಗಿ ಸುಲ್ತಾನಪೇಟೆಯ ಮೆಟ್ಟಿಲು

ಸಿಡ್ನಿಯಿಂದ ರಜೆಗೆ ಬಂದಿದ್ದ ಅಕ್ಕನ ಮಗಳು ಬಸವನಗುಡಿಯ ನಮ್ಮ ಮನೆಯ ಜಗಲಿಯಲ್ಲಿ ಕಾಫಿ ಹೀರುತ್ತಾ ನನ್ನನ್ನು ಪರೀಕ್ಷೆಗೆ ಕೂರಿಸಿದಳು.

"ಮಾಮ, ನಮ್ಮಲ್ಲಿ ಎಮು ಇದೆ, ಲೈರ್ ಹಕ್ಕಿ ಇದೆ. ಆಸ್ಟ್ರೇಲಿಯಾ ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಅವು ಇಲ್ಲ. ನಿಮ್ಮಲ್ಲಿ ಮಾತ್ರ ಇರುವ ಹಕ್ಕಿ ಯಾವುದು?"

ಹಿಂದೆ ಮುಂದೆ ನೋಡದೆ ನವಿಲು ಎಂದೆ. ಮೊಬೈಲಿನ ಮೇಲೆ ಎರಡು ಸಲ ಬೆರಳಾಡಿಸಿ, "ಶ್ರೀಲಂಕಾದಲ್ಲೂ ಇದೆಯಲ್ಲ" ಎಂದಳು. ಹಾಗಾದರೆ ನಮ್ಮ ರಾಜ್ಯಪಕ್ಷಿ ನೀಲಕಂಠ ಎಂದೆ. ಅದು ಇರಾಕಿನವರೆಗೂ ಹಬ್ಬಿದೆ. ಹತ್ತು ವರ್ಷಗಳಿಂದ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಲಾಲ್‌ಬಾಗ್ ಸುತ್ತುತ್ತಿರುವ ನನಗೆ ಎರಡು ಪ್ರಶ್ನೆಗೆ ಎರಡು ಸೊನ್ನೆ ಬಂದಿತ್ತು.

ಅಷ್ಟರಲ್ಲಿ ಎದುರಿನ ತಂತಿಯ ಮೇಲೆ ಜುಟ್ಟು ನೆಟ್ಟಗೆ ಮಾಡಿಕೊಂಡು ಒಂದು ಕೆಮ್ಮೀಸೆ ಪಿಕಳಾರ ಬಂದು ಕುಳಿತಿತು. ಬೆಂಗಳೂರಿನವರು ಅದನ್ನು ಮನೆಯ ಕೂಸಿನಂತೆ ಕಾಣುತ್ತಾರೆ. ಮಲ್ಲಿಗೆ ಬಳ್ಳಿಯಲ್ಲಿ ಗೂಡು ಕಟ್ಟಿದರೆ ಆ ವರ್ಷ ಬಳ್ಳಿಗೆ ಕತ್ತರಿ ಹಾಕುವುದಿಲ್ಲ. ಹುಡುಗಿ ನಕ್ಕಳು. "ಇದು ನಮ್ಮ ಹಿತ್ತಿಲಿಗೂ ಬರುತ್ತದೆ ಮಾಮ." ನಿಜವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ಹಡಗಿನಲ್ಲಿ ಒಯ್ದು ಬಿಟ್ಟ ಪಿಕಳಾರಗಳ ಸಂತಾನ ಸಿಡ್ನಿಯಲ್ಲಿ ಇಂದಿಗೂ ಬಾಳುತ್ತಿದೆ. ನಮ್ಮ ಗೊರವಂಕ ಅಲ್ಲಿ ಇನ್ನೂ ಮುಂದೆ ಹೋಗಿದೆ. ಊರೂರೇ ಆಕ್ರಮಿಸಿಕೊಂಡು ಅಲ್ಲಿಯ ಹಕ್ಕಿಗಳ ಪೊಟರೆಗಳನ್ನು ಕಸಿದುಕೊಳ್ಳುತ್ತದೆ ಎಂದು ಜನ ಅದನ್ನು ಬೈಯುತ್ತಾರಂತೆ. ಹೋದಲ್ಲೆಲ್ಲ ಸಂಸಾರ ಹೂಡುವ ಈ ಹಕ್ಕಿಗಳ ನಡುವೆ ಊರು ಬಿಟ್ಟು ಕದಲದ ಒಂದನ್ನು ಅವಳಿಗೆ ತೋರಿಸಲೇಬೇಕೆಂದು ನನಗೆ ಹಟ ಹುಟ್ಟಿತು.

ಅಂಥವು ನಮ್ಮಲ್ಲಿ ಕಡಿಮೆ ಏನಿಲ್ಲ. ಭಾರತದಲ್ಲಿ ದಾಖಲಾಗಿರುವ ಸುಮಾರು 1,350 ಹಕ್ಕಿ ಪ್ರಭೇದಗಳಲ್ಲಿ 78 ಈ ದೇಶದ ಗಡಿಯಾಚೆ ಎಲ್ಲೂ ಇಲ್ಲ ಎಂದು ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯ ಲೆಕ್ಕ ಕೊಟ್ಟಿದೆ. ಅವುಗಳಲ್ಲಿ 28 ಪಶ್ಚಿಮ ಘಟ್ಟದವು, 25 ಅಂಡಮಾನ್ ನಿಕೋಬಾರಿನವು. ಘಟ್ಟಕ್ಕೆ ಹೋಗಿ ಬರಲು ಮೂರು ದಿನ ಬೇಕು. ನೆಂಟರ ಮನೆಗಳ ಊಟಗಳನ್ನೆಲ್ಲ ಕಳೆದರೆ ಹುಡುಗಿಯ ಕೈಯಲ್ಲಿ ಉಳಿದಿದ್ದದ್ದು ಎರಡು ಬೆಳಗ್ಗೆ ಮಾತ್ರ. ಆಗ ನೆನಪಾದದ್ದು ಹಳದಿ ಕೊರಳಿನ ಪಿಕಳಾರ. ತಂತಿಯ ಮೇಲೆ ಕುಳಿತಿದ್ದವನ ದಾಯಾದಿಯೇ, ಆದರೆ ಸ್ವಭಾವ ಪೂರ್ತಿ ಬೇರೆ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಪೊದೆ ಬಿಟ್ಟು ಅದು ಹೊರಗೆ ಬರುವುದಿಲ್ಲ. ದರೋಜಿ, ದೇವರಾಯನದುರ್ಗ, ಸಾವನದುರ್ಗ, ರಾಮನಗರದ ಬೆಟ್ಟಗಳಲ್ಲಿ ಇದೆ. ನಂದಿಬೆಟ್ಟದಲ್ಲಿಯೂ ಇದೆ.

ಮೊದಲ ಬೆಳಗ್ಗೆಯನ್ನು ಭಾನುವಾರಕ್ಕೆ ಇಟ್ಟುಕೊಂಡದ್ದು ನನ್ನ ತಪ್ಪು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು ಮಾಡಬಾರದ ತಪ್ಪು. ನಸುಕಿನ ನಾಲ್ಕೂವರೆಗೆ ಹೊರಟರೂ ಬೆಟ್ಟದ ಬುಡದಲ್ಲಿ ಕಾರುಗಳ ಕೆಂಪು ದೀಪಗಳು ತೇರಿನ ಸಾಲಿನಂತೆ ನಿಂತಿದ್ದವು. ಸೂರ್ಯೋದಯಕ್ಕೆಂದು ಬಂದವರು ಸೂರ್ಯೋದಯವನ್ನು ಮುಂದಿನ ಕಾರಿನ ಹಿಂಗಾಜಿನಲ್ಲಿ ನೋಡಿದರು. ಏಳು ಗಂಟೆಗೆ ಕಾರು ತಿರುಗಿಸಿಕೊಂಡು ದೇವನಹಳ್ಳಿಗೆ ಬಂದು ಇಡ್ಲಿ ತಿಂದು ಮನೆ ಸೇರಿದೆವು. ಆ ದಿನದ ಬಗ್ಗೆ ಹೇಳುವುದು ಇಷ್ಟೇ.

ಮಂಗಳವಾರ ಮತ್ತೆ ಹೊರಟೆವು. ಹೆಬ್ಬಾಳದ ಮೇಲ್ಸೇತುವೆ, ವಿಮಾನ ನಿಲ್ದಾಣದ ದೀಪಗಳು ಹಿಂದೆ ಬಿದ್ದ ಮೇಲೆ ಕತ್ತಲು ಕತ್ತಲಾಗಿಯೇ ಉಳಿದಿತ್ತು. ಮಾಗಿಯ ಚಳಿಗೆ ದ್ರಾಕ್ಷಿ ಚಪ್ಪರಗಳ ಮೇಲೆ ಮಂಜು ಹಾಸಿಗೆಯಂತೆ ಹರಡಿತ್ತು. ಈ ಸಲ ಕಾರಿನಲ್ಲಿ ಬೆಟ್ಟ ಹತ್ತಲಿಲ್ಲ. ಸುಲ್ತಾನಪೇಟೆಯ ಕಡೆಯಿಂದ ಹಳೆಯ ಮೆಟ್ಟಿಲು ದಾರಿ ಇದೆ. ನಾವು ಹುಡುಕಿಕೊಂಡು ಬಂದ ಹಕ್ಕಿಗೆ ತುದಿಯ ಉದ್ಯಾನ ಬೇಕಿಲ್ಲ, ಇಳಿಜಾರಿನ ಬಂಡೆಯೇ ಬೇಕು. ಐವತ್ತೆರಡರ ನನ್ನ ಮಂಡಿಗಳಿಗೆ ಈ ವಾದ ಒಪ್ಪಿಗೆಯಾಗಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ದಾರಿಯ ಎರಡೂ ಬದಿಯ ಪೊದೆಗಳು ಒಂದೊಂದಾಗಿ ಗುರುತು ಸಿಗತೊಡಗಿದವು. ಲಂಟಾನ, ಕಾರೆ, ಕವಳೆ, ತಂಗಡಿ. ಬಂಡೆ ಸೀಳಿನಲ್ಲಿ ಬೇರು ಇಳಿಸಿ ಬಾಗಿ ನಿಂತ ಒಂದು ಗೋಣಿಮರ. ಕಣಿವೆಯಲ್ಲೆಲ್ಲೋ ಕಾಡುಹುಂಜ ಒಂದೇ ಸಮನೆ ಕೂಗುತ್ತಿತ್ತು. "ಇದೂ ಲೆಕ್ಕಕ್ಕೆ ಬರುತ್ತದೆ" ಎಂದೆ. ಈ ಬೂದು ಕಾಡುಕೋಳಿ ಭಾರತದ್ದು ಮಾತ್ರ. "ಕೂಗು ಕೇಳಿದರೆ ಸಾಲದು ಮಾಮ, ನೋಡಬೇಕು" ಎಂದಳು. ಅವಳ ತಾಯಿಯೂ ಹೀಗೆಯೇ, ತರಕಾರಿಯವನ ತಕ್ಕಡಿಯನ್ನು ಎರಡು ಸಲ ನೋಡುತ್ತಾಳೆ.

ಕಾಲುಗಂಟೆಯಲ್ಲಿ ಪೊದೆಯೊಳಗಿಂದ ಗುಳುಗುಳು ಎನ್ನುವ ಗಟ್ಟಿ ದನಿಯ ಸ್ಫೋಟ. ಹಸಿರು ಮಿಶ್ರಿತ ಬೂದು ಮೈ, ಬಾಲದ ಬುಡದಲ್ಲಿ ಹಳದಿ. ನನ್ನ ಎದೆ ಹಾರಿತು. ಅವಳ ಕೈಗೆ ದುರ್ಬೀನು ಕೊಟ್ಟು "ಸಿಕ್ಕಿತು" ಎಂದೆ. ಅದು ಕೊಂಬೆಯ ತುದಿಗೆ ಬಂದಾಗ ಕಣ್ಣಿನ ಮೇಲೆ ಬಿಳಿಯ ಗೆರೆ ಕಂಡಿತು. ಬಿಳಿ ಹುಬ್ಬಿನ ಪಿಕಳಾರ. ಕೊರಳು ಹಳದಿಯಲ್ಲ, ಮಾಸಿದ ಬಿಳಿ. ಇದು ಶ್ರೀಲಂಕಾದಲ್ಲೂ ಇದೆ ಎಂಬುದು ಈಗ ನನಗೆ ಚೆನ್ನಾಗಿ ಗೊತ್ತಿತ್ತು, ಅವಳು ಹೇಳುವ ಮೊದಲೇ ಹೇಳಿಬಿಟ್ಟೆ.

ಮುಂದಿನ ಒಂದು ಗಂಟೆ ಏನೂ ಇಲ್ಲ. ಹತ್ತುವುದು, ನಿಲ್ಲುವುದು, ಪ್ರತಿ ಪೊದೆಯನ್ನೂ ಸಾಲಗಾರನನ್ನು ಹುಡುಕುವಂತೆ ಇಣುಕುವುದು. ಮೇಲಿನಿಂದ ಹುಲ್ಲಿನ ಹೊರೆ ಹೊತ್ತು ಇಳಿಯುತ್ತಿದ್ದ ಒಬ್ಬ ಅಜ್ಜಿ ನಮ್ಮನ್ನು ನೋಡಿ ನಿಂತರು.

"ಏನು ಕಳೆದುಕೊಂಡಿದ್ದೀರಿ ಸ್ವಾಮಿ?"

"ಹಕ್ಕಿ ನೋಡಲು ಬಂದಿದ್ದೇವೆ ಅಜ್ಜಿ. ಪಿಕಳಾರ, ತಲೆ ಕೊರಳು ಎಲ್ಲ ಹಳದಿ."

"ಹಿಂಗೆ ಓಡಾಡಿಕೊಂಡಿದ್ದರೆ ಯಾವ ಹಕ್ಕಿ ಬರುತ್ತದೆ? ಅಗೋ, ಆ ಬಂಡೆಯ ಮಗ್ಗುಲಲ್ಲಿ ದೊಣೆ ಇದೆ. ಬಿಸಿಲೇರಿದ ಮೇಲೆ ನೀರಿಗೆ ಬರುತ್ತವೆ. ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ." ಹೊರೆಯನ್ನು ಸರಿಪಡಿಸಿಕೊಂಡು ಎರಡು ಮೆಟ್ಟಿಲು ಇಳಿದವರು ತಿರುಗಿ, "ಮಗುವಿಗೆ ಏನಾದರೂ ತಿನ್ನಲು ಕೊಡಿ, ಮುಖ ಬಾಡಿದೆ" ಎಂದರು. ಮಗುವಿಗೆ ಇಪ್ಪತ್ತಮೂರು ವರ್ಷ.

ಕುಳಿತೆವು. ಬಂಡೆಯ ಮೈಯಲ್ಲಿ ಊಟದ ಎಲೆಯಷ್ಟು ಅಗಲದ ಗುಂಡಿ, ಒಂದು ಗೇಣು ನೀರು, ಅಂಚಿನಲ್ಲಿ ಪಾಚಿ. ಕಾಯುವ ಹೊತ್ತಿಗೆ ಪಿಸುದನಿಯಲ್ಲಿ ಅವಳದೊಂದು ಪ್ರಶ್ನೆ: "ಬಂಡೆ ಬೇಕು ಎನ್ನುತ್ತೀರಿ. ಲಾಲ್‌ಬಾಗಿನಲ್ಲಿ ಅಷ್ಟು ದೊಡ್ಡ ಬಂಡೆ ಇದೆಯಲ್ಲ, ಅಲ್ಲಿ ಯಾಕಿಲ್ಲ?" ಒಳ್ಳೆಯ ಪ್ರಶ್ನೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕವೂ ಇದೆ. ಆದರೆ ಬರೀ ಬಂಡೆ ಈ ಹಕ್ಕಿಗೆ ಸಾಲದು. ಬಂಡೆಗಳ ನಡುವಿನ ಸಂದಿಯಲ್ಲಿ ಪೊದೆ ಬೇಕು, ಪೊದೆಯಲ್ಲಿ ಹಣ್ಣು, ಹಣ್ಣಿಲ್ಲದ ತಿಂಗಳು ಹುಳು, ಹತ್ತಿರದಲ್ಲೇ ದೊಣೆ. ನಾವು ಹಾಳು ಗುಡ್ಡ, ಬೋಳು ಬೆಟ್ಟ ಎಂದು ಕರೆಯುವ ಜಾಗವೇ ಇದರ ತುಂಬಿದ ಮನೆ. ಸರ್ಕಾರಿ ದಾಖಲೆಗಳಲ್ಲಿ ಇಂಥ ಜಾಗಕ್ಕೆ ಖರಾಬು ಎಂಬ ಹೆಸರಿದೆ. ಆ ಪದ ಬರೆದವನು ಒಂದು ಬೆಳಗ್ಗೆ ದೊಣೆಯ ಪಕ್ಕ ಕುಳಿತಿದ್ದರೆ ಚೆನ್ನಾಗಿತ್ತು.

ಎಂಟೂವರೆಯ ಸುಮಾರಿಗೆ ಅದು ಸದ್ದಿಲ್ಲದೆ ಬಂತು. ಮೊದಲು ಕಂಡದ್ದು ಗೋಣಿಮರದ ಎಲೆಗಳ ನಡುವೆ ಒಂದು ಹಣ್ಣೆಲೆ. ಹಣ್ಣೆಲೆ ತಲೆ ತಿರುಗಿಸಿತು. ಆಮೇಲೆ ಬಂಡೆಯ ಅಂಚಿಗೆ, ಅಲ್ಲಿಂದ ನೀರಿನ ಅಂಚಿಗೆ, ನಮ್ಮಿಂದ ಐದಾರು ಮಾರು ದೂರಕ್ಕೆ. ಬೆನ್ನು ಬೂದು, ನೀರು ಒಣಗಿದ ಕಲ್ಲಿನದೇ ಬಣ್ಣ. ತಲೆ ಮತ್ತು ಕೊರಳು ಮಾತ್ರ ಹಸಿ ಅರಿಶಿನದ ಕೊಂಬನ್ನು ಆಗತಾನೇ ಮುರಿದಂತೆ. ಕೊಕ್ಕು ಅದ್ದಿ, ತಲೆಯೆತ್ತಿ, ಕೊರಳು ಚಾಚಿ ನೀರು ಇಳಿಸಿತು. ಇಳಿಯುವಾಗ ಆ ಹಳದಿ ಒಂದು ಸಲ ಕಂಪಿಸಿತು. ಹೀಗೆ ಮೂರು ಸಲ. ಕೊಕ್ಕಿನ ತುದಿಯಲ್ಲಿ ನಿಂತ ಹನಿ ಬೀಳುವ ಮೊದಲೇ ಹಕ್ಕಿ ಇರಲಿಲ್ಲ. ಹಾರುವಾಗ ಬಾಲದ ತುದಿಯ ತಿಳಿ ಬಣ್ಣ ಒಂದು ಕ್ಷಣ ಬೀಸಣಿಗೆಯಂತೆ ಬಿಚ್ಚಿತು. ಹುಡುಗಿ ದುರ್ಬೀನನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ನಾನು ಫೋಟೊ ತೆಗೆಯುವುದನ್ನು ಮರೆತಿದ್ದೆ. ಬಿಡಿ, ನನ್ನ ಕ್ಯಾಮೆರಾದ ಹಕ್ಕಿಗಳೆಲ್ಲ ಹೇಗೂ ಎಲೆಗಳಂತೆಯೇ ಕಾಣುತ್ತವೆ.

ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದವರು 1840ರ ದಶಕದಲ್ಲಿ ಮದರಾಸು ಸೇನೆಯಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್. ಅವರದೇ ಹೆಸರು ಹೊತ್ತ ಇನ್ನೊಂದು ಹಕ್ಕಿ, ಜೆರ್ಡನ್ ಓಟಗುಬ್ಬಿ ಎಂದು ಕರೆಯೋಣ, ಅದೂ ಭಾರತದ್ದು ಮಾತ್ರ. 1900ರ ನಂತರ ಯಾರ ಕಣ್ಣಿಗೂ ಬೀಳದೆ ನಶಿಸಿತೆಂದೇ ತಿಳಿದಿದ್ದಾಗ 1986ರಲ್ಲಿ ಕಡಪಾ ಜಿಲ್ಲೆಯ ಕುರುಚಲಿನಲ್ಲಿ ಮತ್ತೆ ಸಿಕ್ಕಿತು. ಈಚೆಗೆ ಹಲವು ವರ್ಷ ಅದರ ಸುಳಿವೇ ಇರಲಿಲ್ಲ. ಒಂದೇ ಊರಿನ ಹಕ್ಕಿಗೆ ಆ ಊರು ಕೆಟ್ಟರೆ ನೆಂಟರ ಮನೆ ಎಂಬುದು ಇರುವುದಿಲ್ಲ. ನಮ್ಮ ಹಳದಿ ಕೊರಳಿನದೂ ಅಪಾಯಕ್ಕೆ ಸಿಕ್ಕಿರುವ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿದೆ.

ತುದಿ ಮುಟ್ಟಿದಾಗ ಬೇರೆಯೇ ಲೋಕಕ್ಕೆ ಬಂದಂತಾಯಿತು. 1,478 ಮೀಟರ್ ಎತ್ತರದಲ್ಲಿ ಮೋಡ ಮರಗಳಿಗೆ ಒರಗಿಕೊಂಡು ನಿಂತಿತ್ತು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಕಾಂಡಗಳಿಗೆ ಹಾವಸೆ. ಕೆಳಗಿನ ಕುರುಚಲು ಬಯಲುಸೀಮೆಯಾದರೆ ಮೇಲಿನದು ಮಲೆನಾಡಿನಿಂದ ಕಿತ್ತು ತಂದು ನೆಟ್ಟ ತುಂಡು. ಅಮೃತ ಸರೋವರದ ಆಚೆ ಎತ್ತರದ ಮರವೊಂದರಲ್ಲಿ ಹೂಂ, ಹೂಂ ಎಂದು ಯಾರೋ ಹಿರಿಯರು ಕಥೆ ಕೇಳುತ್ತಾ ಹೂಂಗುಟ್ಟಿದಂತೆ ಸದ್ದು. ಕತ್ತು ನೋಯುವವರೆಗೆ ಹುಡುಕಿದ ಮೇಲೆ ಹಕ್ಕಿ ಕಂಡಿತು. ಇದು ನೀಲಗಿರಿ ಕಾಡುಪಾರಿವಾಳ, ಕತ್ತಿನ ಹಿಂಭಾಗದಲ್ಲಿ ಚದುರಂಗದ ಮಣೆಯಂಥ ಕಪ್ಪು ಬಿಳಿ ಚೌಕಗಳು. ಇದೂ ಭಾರತ ಬಿಟ್ಟು ಹೊರಗಿಲ್ಲ. ಇದರ ನಿಜವಾದ ನೆಲೆ ಪಶ್ಚಿಮ ಘಟ್ಟ, ಅದು ಇಲ್ಲಿಂದ ಒಂದು ಹಗಲಿನ ಬಸ್ ಪ್ರಯಾಣದಷ್ಟು ದೂರ. ನಡುವೆ ರಾಗಿ ಹೊಲ, ತೆಂಗಿನ ತೋಟ, ಹೆದ್ದಾರಿ. ಆದರೂ ಈ ಬೆಟ್ಟದ ತಲೆಯ ಮೇಲಿನ ಅಂಗೈಯಗಲದ ಕಾಡಿನಲ್ಲಿ ಇದರ ಒಂದು ಚಿಕ್ಕ ಬಳಗ ಉಳಿದುಕೊಂಡಿದೆ.

ಅದರ ನೇರ ಕೆಳಗೆ ಕಾಲೇಜಿನ ಹುಡುಗರ ಗುಂಪೊಂದು ಕೋತಿಯ ಕೈಯಿಂದ ಚಿಪ್ಸ್ ಪೊಟ್ಟಣ ಬಿಡಿಸಿಕೊಳ್ಳಲು ಹೆಣಗುತ್ತಿತ್ತು. ಯಾರೂ ತಲೆ ಎತ್ತಿ ನೋಡಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಇದೇ ಬೆಟ್ಟಕ್ಕೆ ನಾನು ಅವರ ವಯಸ್ಸಿನಲ್ಲಿ ಐದಾರು ಸಲ ಬಂದು, ಟಿಪ್ಪು ಡ್ರಾಪ್‌ನ ಅಂಚಿನಲ್ಲಿ ಬಗ್ಗಿ ನೋಡಿ, ಬೋಂಡ ತಿಂದು ವಾಪಸಾದವನೇ.

ಇಳಿಯುವಾಗ ಮೋಡ ಹರಿದು ಸುತ್ತಲಿನ ಬೆಟ್ಟಸಾಲು ಕಂಡಿತು. ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಎಂದು ಬೆರಳು ಮಾಡಿ ತೋರಿಸಿದೆ. ದೂರದಲ್ಲಿ ಒಂದು ಗುಡ್ಡದ ಮಗ್ಗುಲು ಮಾತ್ರ ಕತ್ತರಿಸಿದ ಮೈಸೂರುಪಾಕಿನಂತೆ ನೇರವಾಗಿತ್ತು. "ಅದಕ್ಕೇನು ಹೆಸರು ಮಾಮ?" ಗೊತ್ತಿರಲಿಲ್ಲ. ಅರ್ಧ ಹೋಗಿದೆ, ಹೆಸರು ಹುಡುಕುವ ಹೊತ್ತಿಗೆ ಉಳಿದರ್ಧವೂ ಹೋಗಿರುತ್ತದೆ. ಒಂದು ಮಾತು ಒಪ್ಪಿಕೊಳ್ಳಬೇಕು: ನಮ್ಮ ಬಸವನಗುಡಿಯ ಮನೆಯ ಮೇಲಂತಸ್ತು ಕಟ್ಟಿದಾಗ ನಾನು ಜಲ್ಲಿಗೆ ಚೌಕಾಸಿ ಮಾಡಿದ್ದೆನೇ ಹೊರತು ಅದು ಎಲ್ಲಿಯದು ಎಂದು ಕೇಳಿರಲಿಲ್ಲ.

ದೇವನಹಳ್ಳಿಯಲ್ಲಿ ರಸ್ತೆ ಬದಿಯ ಗಾಡಿ ನಿಲ್ಲಿಸಿ ಚಕ್ಕೋತ ಕೊಂಡೆವು. ಅವಳು ತೊಳೆ ಬಿಡಿಸುತ್ತಾ, ಸಿಪ್ಪೆಯನ್ನು ಕಾಗದದ ಮೇಲೆ ಜೋಡಿಸುತ್ತಾ, ಕೊರಳು ಚಾಚಿ ನೀರು ಇಳಿಸಿದ್ದನ್ನು ಫೋನಿನಲ್ಲಿ ಅವಳ ತಾಯಿಗೆ ವರ್ಣಿಸುತ್ತಿದ್ದಳು. "ಮೂರು ಸಲ ಅಮ್ಮ, ಮೂರೇ ಸಲ." ನಮ್ಮ ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಒಂದು ಹೋಗುತ್ತಿತ್ತು. ಮೇಲೆ ಹೊದಿಸಿದ ಟಾರ್ಪಾಲು ಒಂದು ಬದಿಯಲ್ಲಿ ಬಿಚ್ಚಿಕೊಂಡು ಪಟಪಟ ಬಡಿಯುತ್ತಿತ್ತು. ಹೆಬ್ಬಾಳಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಅದರಿಂದ ಸಿಡಿದ ಚೂರೊಂದು ನಮ್ಮ ಕಾರಿನ ಮುಂಗಾಜಿಗೆ ಟಪ್ಪೆಂದು ಬಡಿಯಿತು. ಅಕ್ಕಿಕಾಳಿನಷ್ಟು ಗುರುತು. ಹುಡುಗಿ ಸಿಡ್ನಿಗೆ ಹೋಗಿ ಎರಡು ತಿಂಗಳಾಯಿತು, ಗಾಜನ್ನು ಇನ್ನೂ ಬದಲಾಯಿಸಿಲ್ಲ.